ತಳಿ ಎಂಬ ಗೆರೆಯ ಮೇಲೆ 'ಕಂತ್ರಿ'

ನಾಯಿಗೆ ರೇಬಿಸ್ ಲಸಿಕೆ ಹಾಕಿಸಿದರೆ ಒಂದು ಕಾರ್ಡು ಕೊಡುತ್ತಾರೆ, ನೀವೂ ನೋಡಿರಬಹುದು. ಅಂಗೈಯಷ್ಟು ಅಗಲ, ಮಧ್ಯಕ್ಕೆ ಮಡಚಿರುತ್ತದೆ. ಮೇಲೆ ನಮ್ಮ ಹೆಸರು, ವಿಳಾಸ. ಕೆಳಗೆ ನಾಯಿಯ ಹೆಸರು, ಬಣ್ಣ, ವಯಸ್ಸು, ಗಂಡೋ ಹೆಣ್ಣೋ. ಅದರ ಕೆಳಗೆ ತಳಿ ಅಂತ ಒಂದು ಗೆರೆ.

ಸೆಪ್ಟೆಂಬರ್ 28 ವಿಶ್ವ ರೇಬಿಸ್ ದಿನ. ಈ ರೋಗಕ್ಕೆ ಲಸಿಕೆ ಕೊಟ್ಟ ಲೂಯಿ ಪಾಶ್ಚರ್ 1895ರಲ್ಲಿ ತೀರಿಕೊಂಡದ್ದು ಅದೇ ದಿನ. ಆ ಹೊತ್ತಿಗೆ ಊರೂರಲ್ಲಿ ಉಚಿತ ಲಸಿಕೆ ಶಿಬಿರಗಳು ನಡೆಯುತ್ತವೆ. ಹೋದ ವರ್ಷ ಚಿಕ್ಕಮಗಳೂರಿನಲ್ಲಿ ಅಂಥದ್ದೊಂದು ಶಿಬಿರಕ್ಕೆ ನಮ್ಮ ಚುಕ್ಕಿಯನ್ನು ಕರೆದುಕೊಂಡು ಹೋಗಿದ್ದೆ. ಜಿಟಿಜಿಟಿ ಮಳೆ. ನಮ್ಮ ಮುಂದೆ ಒಂದು ಲ್ಯಾಬ್ರಡಾರ್, ಎರಡು ಪೊಮೇರಿಯನ್, ಒದ್ದೆಯಾಗಿ ನಡುಗುತ್ತಿದ್ದ ಒಂದು ಪಗ್. ಕಾರ್ಡು ಬರೆಯುತ್ತಿದ್ದ ಹುಡುಗ ಪ್ರತಿಯೊಬ್ಬರನ್ನೂ ತಳಿ ಯಾವುದು ಅಂತ ಕೇಳುತ್ತಿದ್ದ. ಕೇಳಿ, ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದ. ನಮ್ಮ ಸರದಿ ಬಂತು. ಚುಕ್ಕಿಯ ಕಡೆ ಒಂದು ಸಲ ನೋಡಿದ. ಏನೂ ಕೇಳಲಿಲ್ಲ. ಕಾರ್ಡು ಕೈಗೆ ಬಂದಾಗ ಆ ಗೆರೆಯ ಮೇಲೆ ದುಂಡಗಿನ ಅಕ್ಷರದಲ್ಲಿ 'ಕಂತ್ರಿ' ಅಂತ ಇತ್ತು.

ಆ ಹುಡುಗನ ಮೇಲೆ ನನಗೆ ಕೋಪ ಇಲ್ಲ. ಅವನು ಅವಮಾನ ಮಾಡಬೇಕು ಅಂತ ಬರೆದದ್ದಲ್ಲ. ಬರೆಯುವಾಗ ಚುಕ್ಕಿಯ ತಲೆ ಸವರಿ 'ಜಾಣೆ ಇದ್ದೀಯ' ಅಂತ ಕೂಡ ಅಂದ. ನಮ್ಮ ಕಡೆ ಇಂಥ ನಾಯಿಯನ್ನು ಎಲ್ಲರೂ ಹಾಗೇ ಕರೆಯುವುದು, ನಾನೂ ಚಿಕ್ಕಂದಿನಿಂದ ಹಾಗೇ ಕರೆದವನು. ಆದರೆ ಬಾಯಲ್ಲಿ ಬಂದು ಹೋಗುವ ಮಾತು ಬೇರೆ, ಕಾಗದದ ಮೇಲೆ ಕೂತ ಮಾತು ಬೇರೆ ಅಲ್ವಾ. ಅದನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಬರುವಷ್ಟರಲ್ಲಿ ಆ ಪದ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಒಂದು ವರ್ಷದಿಂದ ಅದನ್ನೇ ಕೆದಕುತ್ತಿದ್ದೇನೆ.

ಕಂತ್ರಿ ಅನ್ನುವುದು ಅಚ್ಚಗನ್ನಡದ ಪದದ ಹಾಗೆ ಕೇಳಿಸುತ್ತದೆ. ಜಗಳದಲ್ಲಿ ಬಾಯಿಗೆ ಸರಿಯಾಗಿ ಸಿಗುವ ಪದ ಅದು. ಮೊದಲ ಅಕ್ಷರಕ್ಕೆ ಒತ್ತು ಕೊಟ್ಟು ಕೊನೆಗೆ ಎಳೆದರೆ ಪೂರ್ತಿ ತಿರಸ್ಕಾರ ಅದರಲ್ಲೇ ಬಂದುಬಿಡುತ್ತದೆ. ಆದರೆ ಅದು ನಮ್ಮದಲ್ಲ. ಇಂಗ್ಲಿಷಿನ 'ಕಂಟ್ರಿ'. ದೇಶ, ನಾಡು, ಹಳ್ಳಿಗಾಡು ಅನ್ನುವ ಅರ್ಥದ ಅದೇ ಕಂಟ್ರಿ. 'ಕಂಟ್ರಿ ಡಾಗ್' ಅಂತ ದೊರೆಗಳು ಹೇಳುತ್ತಿದ್ದದ್ದು ನಮ್ಮವರ ನಾಲಗೆಯ ಮೇಲೆ ಕಂತ್ರಿ ನಾಯಿ ಆಯಿತು. ಟಕಾರ ತಕಾರವಾಗುವುದು ನಮಗೆ ಹೊಸದೇನಲ್ಲ. ಹಾಸ್ಪಿಟಲ್ ಬಂದು ಆಸ್ಪತ್ರೆ ಆಗಲಿಲ್ಲವೇ? ಹಾಗೆಯೇ. ಒಂದು ವ್ಯತ್ಯಾಸ ಮಾತ್ರ ಇದೆ. ಆಸ್ಪತ್ರೆ ತನ್ನ ಅರ್ಥವನ್ನು ಹಾಗೇ ಇಟ್ಟುಕೊಂಡಿತು. ಕಂತ್ರಿ ತನ್ನ ಅರ್ಥವನ್ನು ದಾರಿಯಲ್ಲೇ ಕಳೆದುಕೊಂಡು ಬಂತು.

ಕಳೆದುಕೊಂಡು ಬಂತು ಅಂದೆನಲ್ಲ, ಅದೂ ಪೂರ್ತಿ ಸರಿ ಅಲ್ಲ. ತಿರಸ್ಕಾರ ಅದರಲ್ಲಿ ಮೊದಲೇ ಇತ್ತು. ಹೆನ್ರಿ ಯೂಲ್ ಮತ್ತು ಎ. ಸಿ. ಬರ್ನೆಲ್ ಸೇರಿ 1886ರಲ್ಲಿ 'ಹಾಬ್ಸನ್ ಜಾಬ್ಸನ್' ಅನ್ನುವ ನಿಘಂಟು ಹೊರತಂದರು. ಭಾರತದಲ್ಲಿದ್ದ ಇಂಗ್ಲಿಷರ ಬಾಯಲ್ಲಿ ಓಡಾಡುತ್ತಿದ್ದ ಪದಗಳ ನಿಘಂಟು ಅದು. ಅದರಲ್ಲಿ 'ಕಂಟ್ರಿ'ಗೂ ಜಾಗ ಇದೆ. ಯುರೋಪಿನಿಂದ ಬಂದ ಸಾಮಾನಿನಿಂದ ಬೇರೆ ಮಾಡಿ ಹೇಳಲು, ಇಲ್ಲೇ ತಯಾರಾದದ್ದಕ್ಕೆ ಈ ಪದ ಬಳಸುತ್ತಾರೆ, ಸಾಮಾನ್ಯವಾಗಿ ಅದರ ಒಳಗೆ ಸ್ವಲ್ಪ ಕೀಳು ಅನ್ನುವ ಧ್ವನಿ ಇರುತ್ತದೆ ಅಂತ ಅವರೇ ಬರೆದಿದ್ದಾರೆ. ಅದಕ್ಕೆ ಎದುರು ಪದ 'ಯುರೋಪ್'. ಒಳ್ಳೆಯ ಮಾಲು ಯುರೋಪ್, ಇಲ್ಲಿಯದು ಕಂಟ್ರಿ.

ಈಗ ನಮ್ಮ ಘಟ್ಟದ ಸೀಮೆಗೆ ಬನ್ನಿ. ಬಾಬಾಬುಡನ್ ಗಿರಿಯಲ್ಲಿ ಕಾಫಿ ಗಿಡ ಬೇರೂರಿ ಎಷ್ಟೋ ಕಾಲ ಆದ ಮೇಲೆ ಇಂಗ್ಲಿಷರು ತೋಟ ಮಾಡಲು ಬಂದರು. ಇವತ್ತಿನ ಸಕಲೇಶಪುರದ ಕಡೆಯನ್ನು ಆಗ ಮಂಜರಾಬಾದ್ ಅನ್ನುತ್ತಿದ್ದರು. ಅಲ್ಲಿ 1843ರಲ್ಲಿ ಫ್ರೆಡರಿಕ್ ಗ್ರೀನ್ ತೋಟ ಶುರು ಮಾಡಿದ. ಆಮೇಲೆ ಒಬ್ಬರ ಹಿಂದೆ ಒಬ್ಬರು. ಬಂಗ್ಲೆ ಬಂತು, ಕೂಲಿಯವರು ಇರುವ ಲೈನು ಮನೆ ಬಂತು, ಲೆಕ್ಕ ಬರೆಯುವ ರೈಟರು, ಮೇಸ್ತ್ರಿ, ಕಣ, ಪಲ್ಪರ್ ಮನೆ ಎಲ್ಲ ಬಂತು. ಬಂಗ್ಲೆಯಲ್ಲಿ ನಾಯಿ ಸಾಕಿದರು. ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದ ಹೌಂಡು, ಟೆರಿಯರ್, ಸ್ಪ್ಯಾನಿಯಲ್ ಒಂದು ಕಡೆ. ಲೈನು ಮನೆಯ ಒಲೆ ಪಕ್ಕ ಮಲಗುತ್ತಿದ್ದ ನಾಯಿ ಇನ್ನೊಂದು ಕಡೆ. ಎರಡನೆಯದಕ್ಕೆ ಒಂದು ಹೆಸರು ಬೇಕಿತ್ತು.

ನನ್ನಪ್ಪ ಮೂಡಿಗೆರೆ ಹ್ಯಾಂಡ್‌ಪೋಸ್ಟ್‌ನಿಂದ ಒಳಗೆ ಹೋಗುವ ಒಂದು ತೋಟದಲ್ಲಿ ರೈಟರ್ ಆಗಿದ್ದರು. ದೊರೆಗಳು ಹೋಗಿ ಎಷ್ಟೋ ವರ್ಷ ಆಗಿತ್ತು, ತೋಟ ನಮ್ಮವರ ಕೈಗೇ ಬಂದಿತ್ತು. ಆದರೂ ಬಂಗ್ಲೆ ನಾಯಿ ಬೇರೆ, ತೋಟದ ನಾಯಿ ಬೇರೆ. ಬಂಗ್ಲೆಯಲ್ಲಿ ಎರಡು ಡಾಬರ್‌ಮನ್ ಇದ್ದವು. ಅವು 'ಜಾತಿ ನಾಯಿ'. ಈ ಮಾತನ್ನು ಸ್ವಲ್ಪ ನಿಂತು ಕೇಳಿಸಿಕೊಳ್ಳಿ. ಜಾತಿ ನಾಯಿ. ಮನುಷ್ಯರಿಗೆ ಅಂಟಿಸಿದ್ದನ್ನೇ ತಂದು ನಾಯಿಗೂ ಅಂಟಿಸಿದ್ದೇವೆ. ಜಾತಿ ಇರುವ ನಾಯಿ, ಜಾತಿ ಇಲ್ಲದ ನಾಯಿ. ಇಲ್ಲದ್ದಕ್ಕೆ ಕಂತ್ರಿ.

ನಮ್ಮದು ಕರಿಯ. ಕಪ್ಪಗೆ, ಎದೆಯ ಮೇಲೆ ಮಾತ್ರ ಬೆಳ್ಳಗೆ. ಡಿಸೆಂಬರ್, ಜನವರಿಯಲ್ಲಿ ಕಾಫಿ ಕೊಯ್ಲು. ಕಣದಲ್ಲಿ ದಿನವಿಡೀ ಕಾಫಿ ಒಣಗುತ್ತಿತ್ತು. ಸಂಜೆ ಅದನ್ನು ಗುಡ್ಡೆ ಮಾಡಿ ಮೇಲೆ ಟಾರ್ಪಾಲು ಹೊದಿಸುತ್ತಿದ್ದರು. ಬಿಸಿಲು ಕುಡಿದ ಕಾಫಿ ರಾತ್ರಿ ಬಹಳ ಹೊತ್ತು ಬೆಚ್ಚಗೇ ಇರುತ್ತದೆ. ಕರಿಯನಿಗೆ ಅದು ಗೊತ್ತಿತ್ತು. ಕತ್ತಲಾದ ಕೂಡಲೇ ಗುಡ್ಡೆ ಹತ್ತಿ, ಮೂರು ಸುತ್ತು ಸುತ್ತಿ, ಮೂಗನ್ನು ಬಾಲದ ಕೆಳಗೆ ತೂರಿಸಿ ಮಲಗುತ್ತಿದ್ದ. ನಿದ್ದೆ ಅಂದುಕೊಂಡರೆ ತಪ್ಪು. ಕಿವಿ ಎರಡೂ ಎದ್ದೇ ಇರುತ್ತಿದ್ದವು. ತೋಟದ ಕೆಳಗಿನ ಹಳ್ಳದ ಹತ್ತಿರ ಯಾರಾದರೂ ಒಣ ಎಲೆ ತುಳಿದರೆ ಒಂದು ಕಿವಿ ಆ ಕಡೆ ತಿರುಗುತ್ತಿತ್ತು. ಆಮೇಲೆ ತಲೆ ಏಳುತ್ತಿತ್ತು. ಆಮೇಲೆ, ಬೇಕಾದರೆ ಮಾತ್ರ, ಬೊಗಳುತ್ತಿದ್ದ. ಕಣದಿಂದ ಒಂದು ಬೊಗಸೆ ಕಾಫಿ ಕಳುವಾಗಲಿಲ್ಲ ಅಂತ ಅಪ್ಪ ಹೆಮ್ಮೆಯಿಂದ ಹೇಳುತ್ತಿದ್ದರು.

ಚಿರತೆ ಬರುವ ಜಾಗ ಅದು. ನಾಯಿಯ ಕುತ್ತಿಗೆಯನ್ನೇ ಹಿಡಿಯುವುದು ಅದರ ರೂಢಿ. ಅದಕ್ಕೆ ಅಪ್ಪ ಹಳೆಯ ಸೈಕಲ್ ಟಯರ್ ಕತ್ತರಿಸಿ, ಒಳಗಿನಿಂದ ಹೊರಕ್ಕೆ ಮೊಳೆ ಹೊಡೆದು, ಮೊಳೆಯ ತಲೆ ಚರ್ಮಕ್ಕೆ ತಾಗದ ಹಾಗೆ ಒಳಗೆ ಗೋಣಿ ಬಟ್ಟೆ ಹೊಲಿದು, ಕರಿಯನಿಗೆ ಒಂದು ಪಟ್ಟಿ ಮಾಡಿದ್ದರು. ದಿನಾ ಸಂಜೆ ಅದನ್ನು ಕಟ್ಟುವ ಕೆಲಸ ನನ್ನದು. 'ಬಾ' ಅಂದರೆ ಬಂದು, ಗದ್ದ ಮೇಲೆತ್ತಿ ಕುತ್ತಿಗೆ ಒಡ್ಡಿ ನಿಲ್ಲುತ್ತಿದ್ದ. ಗೋಣಿ, ರಬ್ಬರು, ನಾಯಿಯ ಮೈ, ಮೂರರ ವಾಸನೆ ಸೇರಿ ನನ್ನ ಬೆರಳಿಗೆ ಅಂಟುತ್ತಿತ್ತು. ಈಗಲೂ ಪಂಚರ್ ಅಂಗಡಿ ಮುಂದೆ ಹೋದಾಗ ಕರಿಯ ನೆನಪಾಗುತ್ತಾನೆ.

ಹೊರಗಿನಿಂದ ಬಂದ ಯಾರೋ ಒಮ್ಮೆ ಅಪ್ಪನನ್ನು ಕೇಳಿದರು, 'ಇಷ್ಟು ದೊಡ್ಡ ತೋಟದಲ್ಲಿ ಈ ಕಂತ್ರಿ ಯಾಕೆ ಇಟ್ಕೊಂಡಿದ್ದೀರಿ?' ಅಪ್ಪ ನಗುತ್ತಾ ಸುಮ್ಮನಾದರು. ನನಗೆ ಆಗ ಆ ಪದದ ಬಗ್ಗೆ ಏನೂ ಅನ್ನಿಸಲಿಲ್ಲ. ಅನ್ನಿಸಿದ್ದು ಶಾಲೆಯಲ್ಲಿ.

ನನ್ನ ಪಕ್ಕ ಕೂರುತ್ತಿದ್ದ ಹುಡುಗ ಲೈನು ಮನೆಯವನು. ಅವನ ಅಪ್ಪ ಅಮ್ಮ ತೋಟದ ಕೂಲಿಗೆ ಬಂದವರು. ಮಳೆಗಾಲದಲ್ಲಿ ಅವನು ಗೊಬ್ಬರದ ಚೀಲ ಗೊಪ್ಪೆ ಮಾಡಿಕೊಂಡು ನಾಲ್ಕು ಕಿಲೋಮೀಟರ್ ನಡೆದು ಬರುತ್ತಿದ್ದ. ಕಾಲಿಗೆ ಇಂಬಳ ಹತ್ತಿ ರಕ್ತ ಸೋರುತ್ತಿತ್ತು. ಒಂದು ದಿನ ತರಗತಿಯಲ್ಲಿ ಯಾರದೋ ಪೆನ್ಸಿಲ್ ಡಬ್ಬಿ ಕಾಣಲಿಲ್ಲ. ಮೇಷ್ಟ್ರು ಬೇರೆ ಯಾರನ್ನೂ ಕೇಳಲಿಲ್ಲ. ನೇರ ಇವನ ಚೀಲ ಸುರಿಸಿದರು. ಅದರಲ್ಲಿ ಡಬ್ಬಿ ಇರಲಿಲ್ಲ. ಆದರೂ ಅಂದರು, 'ಇವತ್ತು ಸಿಗಲಿಲ್ಲ ಅಷ್ಟೇ. ಕಂತ್ರಿ ಬುದ್ಧಿ ಎಲ್ಲಿಗೆ ಹೋಗುತ್ತೆ?' ಅವನು ಅಳಲಿಲ್ಲ. ನೆಲದ ಮೇಲೆ ಬಿದ್ದ ಪುಸ್ತಕಗಳನ್ನು ಒಂದೊಂದೇ ಎತ್ತಿ, ಒದ್ದೆಯಾದ ಹಾಳೆಯನ್ನು ಅಂಗಿಯ ತುದಿಯಿಂದ ಒರೆಸಿ, ಚೀಲಕ್ಕೆ ಹಾಕಿಕೊಂಡ. ಮಧ್ಯಾಹ್ನ ಊಟಕ್ಕೆ ಏಳಲಿಲ್ಲ. ನಾನು ಕರೆಯಬೇಕಿತ್ತು, ಕರೆಯಲಿಲ್ಲ. ನಲವತ್ತು ವರ್ಷ ಆದ ಮೇಲೂ ಅದು ನನ್ನನ್ನು ಬಿಟ್ಟಿಲ್ಲ.

ಆ ದಿನ ಕಂತ್ರಿ ಅಂದರೆ ನಾಯಿಯ ತಳಿ ಅಲ್ಲ ಅಂತ ಗೊತ್ತಾಯಿತು.

ಈಗ ಯೋಚಿಸಿದರೆ ಆ ಪದ ಎರಡು ಹೆಜ್ಜೆ ಇಟ್ಟಿದೆ. ಮೊದಲು 'ಇಲ್ಲಿಯದು' ಅನ್ನುವುದು 'ಕೀಳು' ಆಯಿತು. ಆಮೇಲೆ 'ಕೀಳು' ಅನ್ನುವುದು 'ಕಳ್ಳ, ಮೋಸಗಾರ' ಆಯಿತು. ಎರಡನೆಯ ಹೆಜ್ಜೆ ಇಂಗ್ಲಿಷರದಲ್ಲ, ನಮ್ಮದೇ. ನನ್ನ ಊಹೆ ಏನೆಂದರೆ, ಕನ್ನಡದಲ್ಲಿ ಮೊದಲೇ 'ಕುತಂತ್ರಿ' ಅನ್ನುವ ಪದ ಇತ್ತು, ಎರಡರ ಸದ್ದೂ ಹತ್ತಿರ ಹತ್ತಿರ. ಅದರ ಬಣ್ಣ ಇದಕ್ಕೆ ಹತ್ತಿರಬೇಕು. ಕಂತ್ರಿ ಕೆಲಸ, ಕಂತ್ರಿ ಬುದ್ಧಿ, ಕಂತ್ರಿ ರಾಜಕೀಯ ಅನ್ನುವಾಗ ಯಾರ ಮನಸ್ಸಿನಲ್ಲೂ ನಾಯಿ ಇರುವುದಿಲ್ಲ, ನಾಡಂತೂ ಇರುವುದೇ ಇಲ್ಲ. ಇದರ ಪಕ್ಕದಲ್ಲೇ ಕೂರುವ ಇನ್ನೊಂದು ಬೈಗುಳ ಬೇವರ್ಸಿ. ಅದರ ಮೂಲ ಅರ್ಥ ವಾರಸುದಾರ ಇಲ್ಲದ್ದು, ಅಷ್ಟೇ. ಹಿಂದೆ ಮುಂದೆ ಯಾರೂ ಇಲ್ಲದವರು. ಅವರ ಮೇಲೆ ಕರುಣೆ ಬರಬೇಕಾದ ಜಾಗದಲ್ಲಿ ನಾವು ಬೈಗುಳ ಮಾಡಿಕೊಂಡೆವು. ಊರಿನದು ಅನ್ನುವುದೂ ಬೈಗುಳ, ಯಾರೂ ಇಲ್ಲ ಅನ್ನುವುದೂ ಬೈಗುಳ. ನಿಜಕ್ಕೂ ಬೇಜಾರಾಗುತ್ತದೆ.

ಹಾಸನದ ಬಿ.ಎಂ. ರಸ್ತೆಯಲ್ಲಿ ಹೋಗುವಾಗ ಬೋರ್ಡುಗಳನ್ನು ಓದಿ. ನಾಟಿ ಕೋಳಿ ಸಾರು ಮುದ್ದೆ, ನಾಟಿ ಶೈಲಿ ಊಟ, ನಾಟಿ ಅಂತ ಎಲ್ಲಿ ನೋಡಿದರೂ ಇದೆ. ಸಂತೆಯಲ್ಲಿ ನಾಟಿ ಮೊಟ್ಟೆಗೆ ಫಾರಂ ಮೊಟ್ಟೆಗಿಂತ ಬೆಲೆ ಜಾಸ್ತಿ, ಕೊಳ್ಳುವವರು ಚೌಕಾಸಿ ಕೂಡ ಮಾಡುವುದಿಲ್ಲ. ನಾಟಿ ಕೊತ್ತಂಬರಿ, ನಾಟಿ ಟೊಮೆಟೊ, ನಾಟಿ ಹಸುವಿನ ತುಪ್ಪ. ಈ ನಾಟಿ ಅಂದರೇನು? ಗದ್ದೆಯಲ್ಲಿ ಪೈರು ನೆಡುವ ನಾಟಿ ಬೇರೆ. ಇದು ನಾಡಿನಿಂದ ಬಂದದ್ದು. ನಾಡಿನದು, ಊರಿನದು, ಇಲ್ಲಿಯದು. ನಾಟಿ ಕೋಳಿಯನ್ನು ಇಂಗ್ಲಿಷಿನಲ್ಲಿ ಕಂಟ್ರಿ ಚಿಕನ್ ಅಂತಲೇ ಬರೆಯುತ್ತಾರೆ.

ಅಂದರೆ ನಾಟಿ ಮತ್ತು ಕಂತ್ರಿ, ಎರಡೂ ಒಂದೇ ಮಾತು! ಒಂದನ್ನು ನಾವು ನಮ್ಮ ಬಾಯಿಂದ ಹೇಳಿದೆವು, ಇನ್ನೊಂದನ್ನು ದೊರೆಯ ಬಾಯಿಂದ ತೆಗೆದುಕೊಂಡೆವು. ಇದು ಹೊಳೆದ ದಿನ ನಾನು ಹಾಸನದಿಂದ ಬೇಲೂರಿನ ಮೇಲೆ ಚಿಕ್ಕಮಗಳೂರಿಗೆ ಬಸ್ಸಿನಲ್ಲಿ ಬರುತ್ತಿದ್ದೆ. ಕಿಟಕಿಯಿಂದ ಹೊರಗೆ ನೋಡುತ್ತಾ ಇದನ್ನೇ ಮತ್ತೆ ಮತ್ತೆ ಹೇಳಿಕೊಂಡೆ. ಕೋಳಿಗೆ ನಾಟಿ, ನಾಯಿಗೆ ಕಂತ್ರಿ. ಕೋಳಿಗಾದರೆ ಹೊಗಳಿಕೆ, ನಾಯಿಗಾದರೆ ಬೈಗುಳ. ತಿನ್ನುವುದಕ್ಕೆ ರುಚಿ ಅಂತ ಗೊತ್ತಾದ ಮೇಲೆ ಊರಿನದಕ್ಕೆ ಬೆಲೆ ಬಂತು. ನಾಯಿಗೆ ಆ ಭಾಗ್ಯ ಇಲ್ಲ.

ಕೋಳಿಗೂ ಈ ಗೌರವ ಮೊದಲಿಂದ ಇರಲಿಲ್ಲ ಅನ್ನುವುದನ್ನು ಹೇಳಬೇಕು. ನಮ್ಮ ಭಾಷೆಯಲ್ಲಿ ಹೊರಗಿನಿಂದ ಬಂದದ್ದಕ್ಕೆ ಸೀಮೆ ಅನ್ನುತ್ತಿದ್ದರು. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ, ಸೀಮೆಹಸು. ಸೀಮೆಯದು ಅಂದರೆ ಒಂದು ತೂಕ ಜಾಸ್ತಿ. ನಾನು ಚಿಕ್ಕವನಿದ್ದಾಗ ಫಾರಂ ಕೋಳಿ ನಮ್ಮ ಕಡೆ ಹೊಸದು, ನೆಂಟರು ಬಂದರೆ ಅದನ್ನೇ ತರುತ್ತಿದ್ದರು, ಹಿತ್ತಲಿನ ಕೋಳಿ ಕುಯ್ದರೆ ಏನೋ ಕಡಿಮೆ ಮಾಡಿದ ಹಾಗೆ. ಅದು ಪೂರ್ತಿ ತಿರುಗಿತಲ್ಲ. ಹಾಗಾದರೆ ಇದೂ ತಿರುಗಬಹುದು.

ದನದ ವಿಷಯದಲ್ಲಿ ಆಗಲೇ ತಿರುಗಿದೆ. ಮಲೆನಾಡಿನ ಗುಡ್ಡದಲ್ಲಿ ಮೇಯುವ ಗಿಡ್ಡ ದನ ನಿಮಗೆ ಗೊತ್ತೇ ಇದೆ. ಮಳೆಗೆ ಹೆದರುವುದಿಲ್ಲ, ಕಡಿದಾದ ಜಾಗದಲ್ಲೂ ಆಡಿನ ಹಾಗೆ ಹತ್ತುತ್ತದೆ. ಹಾಲು ಕಮ್ಮಿ. ಅದನ್ನು ಬಹಳ ಕಾಲ ಯಾರೂ ಒಂದು ತಳಿ ಅಂತ ಎಣಿಸಲೇ ಇಲ್ಲ. ಈಗ ಹರಿಯಾಣದ ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋದ ಪಟ್ಟಿಯಲ್ಲಿ 'ಮಲೆನಾಡು ಗಿಡ್ಡ' ಅಂತ ಅದರ ಹೆಸರಿದೆ. ದನ ಬದಲಾಗಲಿಲ್ಲ. ನೋಡುವವರು ಕುಳಿತು, ಅಳೆದು, ಬರೆದುಕೊಂಡರು.

ಪಶುವೈದ್ಯರ ಪುಸ್ತಕದಲ್ಲಿ ತಳಿ ಹೇಳಲಾಗದ ದನಕ್ಕೆ, ನಾಯಿಗೆ ಎನ್.ಡಿ. ಅಂತ ಬರೆಯುತ್ತಾರೆ. ನಾನ್ ಡಿಸ್ಕ್ರಿಪ್ಟ್. ಇಂಥದ್ದು ಅಂತ ಬಣ್ಣಿಸಲು ಬಾರದ್ದು ಅಂತ ಅರ್ಥ. ಅದರಲ್ಲಿ ಬೈಗುಳ ಇಲ್ಲ, ಒಪ್ಪುತ್ತೇನೆ, ಕಂತ್ರಿಗಿಂತ ಎಷ್ಟೋ ವಾಸಿ. ಆದರೆ ಬಣ್ಣಿಸಲು ಬಾರದ್ದೇ? ನಮ್ಮ ಚುಕ್ಕಿ ಈಗ ಎದುರಿಗೇ ಮಲಗಿದ್ದಾಳೆ. ನೋಡಿ ಬರೆಯುತ್ತೇನೆ.

ಮೈ ಬಣ್ಣ ಒಣಗಿದ ಜಂಬಿಟ್ಟಿಗೆಯ ಹಾಗೆ, ಬೆನ್ನಿನ ಮೇಲೆ ಸ್ವಲ್ಪ ಗಾಢ, ಹೊಟ್ಟೆಯ ಕೆಳಗೆ ತೆಳು. ಕೂದಲು ಗಿಡ್ಡ, ಒತ್ತಾಗಿ ಮೈಗೆ ಅಂಟಿದ ಹಾಗೆ ಇದೆ. ಮಳೆಯಲ್ಲಿ ನೆನೆದು ಬಂದರೆ ಒಂದು ಸಲ ಕೊಡವಿಕೊಂಡರೆ ಅರ್ಧ ಒಣಗಿರುತ್ತಾಳೆ. ಉಣುಗು ಹತ್ತಿದರೂ ಬೇಗ ಕಣ್ಣಿಗೆ ಬೀಳುತ್ತದೆ, ಬೆರಳಿನಲ್ಲೇ ಕಿತ್ತು ತೆಗೆಯಬಹುದು. ಮುಖ ಮೇಲೆ ಅಗಲ, ಮೂಗಿನ ಕಡೆ ಬರುತ್ತಾ ಚೂಪು. ಕಣ್ಣು ಬಾದಾಮಿ ಆಕಾರ, ಬಣ್ಣ ಹದವಾಗಿ ಕಾಯಿಸಿದ ಬೆಲ್ಲದ ಪಾಕ. ಕಿವಿ ಎರಡೂ ನೆಟ್ಟಗೆ, ಎಡಗಿವಿಯ ತುದಿ ಮಾತ್ರ ಕಾಲು ಇಂಚು ಮಡಚಿದೆ. ಬಾಲ ಬೆನ್ನ ಮೇಲೆ ಸುರುಳಿ ಸುತ್ತಿ ಯಾವಾಗಲೂ ಎಡಕ್ಕೇ ಬೀಳುತ್ತದೆ. ಮುಂಗಾಲಿಗೆ ಬಿಳಿ ಸಾಕ್ಸ್ ಹಾಕಿದ ಹಾಗೆ, ಬಲಗಾಲಿನದು ಸ್ವಲ್ಪ ಉದ್ದ. ಹಣೆಯ ಮೇಲೆ ಒಂದು ಬಿಳಿ ಚುಕ್ಕಿ, ಹೆಸರು ಬಂದದ್ದು ಅದರಿಂದ. ಹಾಲಿನವನ ಸ್ಕೂಟರ್ ಬೀದಿಯ ತುದಿಯಲ್ಲಿ ತಿರುಗುವ ಮೊದಲೇ ಗೊತ್ತಾಗುತ್ತದೆ. ಬೇಸಿಗೆಯಲ್ಲಿ ದಾಸವಾಳದ ಬುಡದಲ್ಲಿ ಮೊಣಕಾಲುದ್ದ ಗುಂಡಿ ತೋಡಿ, ತಣ್ಣನೆಯ ಮಣ್ಣಿಗೆ ಹೊಟ್ಟೆ ಒತ್ತಿ ಮಲಗುತ್ತಾಳೆ. ಅಪರಿಚಿತರು ಬಂದರೆ ಬೊಗಳುತ್ತಾ ಎರಡು ಹೆಜ್ಜೆ ಹಿಂದೆ ಹೋಗುತ್ತಾಳೆ, ಮುಂದೆ ನುಗ್ಗುವುದಿಲ್ಲ.

ಬಣ್ಣಿಸಲು ಬರುತ್ತದೆ. ಇನ್ನೂ ಒಂದು ಪುಟ ಬರೆಯಬಹುದು.

ಅದೂ ಅಲ್ಲದೆ, ನಾವು ಜಾತಿ ನಾಯಿ ಅಂತ ಕರೆಯುವವುಗಳಲ್ಲಿ ಹೆಚ್ಚಿನವು ತೀರಾ ಇತ್ತೀಚಿನವು. ಲಂಡನ್ನಿನ ಕೆನಲ್ ಕ್ಲಬ್ ಹುಟ್ಟಿದ್ದೇ 1873ರಲ್ಲಿ. ಇಂಥ ತಳಿಗೆ ಕಿವಿ ಹೀಗಿರಬೇಕು, ಎತ್ತರ ಇಷ್ಟಿರಬೇಕು ಅಂತ ಕಾಗದದ ಮೇಲೆ ಬರೆದು ಕೂಡಿಸುವ ಪದ್ಧತಿ ಬಲವಾದದ್ದು ಆ ಕಾಲದಲ್ಲಿ. ಅಷ್ಟು ಹೊತ್ತಿಗೆ ಮಂಜರಾಬಾದಿನಲ್ಲಿ ಗ್ರೀನ್ ಸಾಹೇಬರ ಕಾಫಿ ತೋಟಕ್ಕೆ ಮೂವತ್ತು ವರ್ಷ ಆಗಿತ್ತು. ಊರ ನಾಯಿಯನ್ನು ಯಾರೂ ಕೂಡಿಸಿ ಮಾಡಲಿಲ್ಲ. ಇಲ್ಲಿಯ ಮಳೆ, ಬಿಸಿಲು, ಹಸಿವು ಸೇರಿ ಆ ಮೈಯನ್ನು ಮಾಡಿದವು.

ಇಂಗ್ಲಿಷರು ಈ ನಾಯಿಗೆ ಇನ್ನೊಂದು ಹೆಸರನ್ನೂ ಇಟ್ಟರು. ಪರಿಯಾ ಡಾಗ್. ತಮಿಳಿನಲ್ಲಿ ಪರೈ ಅಂದರೆ ಒಂದು ಚರ್ಮವಾದ್ಯ. ಪರೈಯರ್ ಅನ್ನುವುದು ತುಳಿತಕ್ಕೆ ಒಳಗಾದ ಒಂದು ದೊಡ್ಡ ಸಮುದಾಯದ ಹೆಸರು. ಆ ಜನರ ಹೆಸರನ್ನು ತೆಗೆದು ಯಾರಿಗೂ ಬೇಡವಾದ ನಾಯಿಗೆ ಅಂಟಿಸಿದರು, ಆಮೇಲೆ ಜಗತ್ತಿನ ಪುಸ್ತಕಗಳಲ್ಲೆಲ್ಲ ಅದೇ ಉಳಿಯಿತು. ಇಂದಿಗೂ ನಾಯಿ ಪ್ರೀತಿಸುವವರೇ ಅದನ್ನು ಬಳಸುತ್ತಾರೆ, ತಿಳಿಯದೆ. ಇದು ಕಂತ್ರಿಗಿಂತ ಕೆಟ್ಟದ್ದು. ಈಚೆಗೆ 'ಇಂಡಿ' ಅನ್ನುವವರು ಹೆಚ್ಚಾಗಿದ್ದಾರೆ. ನನಗೆ ಅದು ಬಾಯಿಗೆ ಹತ್ತಿಲ್ಲ, ಆದರೂ ಒಳ್ಳೆಯ ಮನಸ್ಸಿನಿಂದ ಹುಟ್ಟಿದ ಪದ. ಸರ್ಕಾರದ ಕಾಗದದಲ್ಲೂ ಮಾತು ಬದಲಾಗಿದೆ. ಪ್ರಾಣಿಗಳ ಸಂತಾನ ನಿಯಂತ್ರಣದ 2023ರ ನಿಯಮಗಳಲ್ಲಿ ಬೀದಿ ನಾಯಿಯನ್ನು 'ಸಮುದಾಯದ ಪ್ರಾಣಿ' ಅಂತ ಕರೆದಿದ್ದಾರೆ. ಹೆಸರು ಬದಲಾದ ಮಾತ್ರಕ್ಕೆ ಕಚ್ಚುವುದು ನಿಲ್ಲುವುದಿಲ್ಲ ಅನ್ನುವವರ ಮಾತನ್ನೂ ನಾನು ತಳ್ಳಿಹಾಕುವುದಿಲ್ಲ. ಬೆಳಗಿನ ಜಾವ ಪೇಪರ್ ಹಾಕುವ ಹುಡುಗನಿಗೆ ಬೀದಿಯ ಹಿಂಡು ಕಂಡರೆ ಆಗುವ ಭಯ ನಿಜವಾದದ್ದು. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಇಲ್ಲ ಅಂತಲೇ ಹೇಳಬೇಕು. ಅದಕ್ಕೇ ಕಚ್ಚಿದ ಕೂಡಲೇ ಹದಿನೈದು ನಿಮಿಷ ಸೋಪು ನೀರಿನಲ್ಲಿ ಗಾಯ ತೊಳೆದು ಆಸ್ಪತ್ರೆಗೆ ಓಡಬೇಕು. ಅದಕ್ಕೇ ಈ ಲಸಿಕೆ, ಈ ಕಾರ್ಡು.

ಹಳಬರು ನಾಯಿಯನ್ನು ಹೇಗೆ ಬರೆದರು ಅಂತ ನೋಡಬೇಕಾದರೆ ಆತಕೂರಿಗೆ ಹೋಗಬೇಕು. ಅದು ಮಂಡ್ಯ ಜಿಲ್ಲೆಯಲ್ಲಿದೆ. ಅಲ್ಲಿ ಸಿಕ್ಕಿದ ಶಾಸನ ಸುಮಾರು ಕ್ರಿ.ಶ. 949-50ರದು. ಈಗ ಆ ಕ‌ಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಚೋಳರ ಮೇಲೆ ಗೆಲುವು ಬಂದಿತ್ತು. ಗಂಗರ ಬೂತುಗನ ಕಡೆಯ ವೀರ ಮಣಲೆರ ಚೆನ್ನಾಗಿ ಹೋರಾಡಿದ್ದ. ಮೆಚ್ಚಿದ ರಾಜ ಏನು ಬೇಕೋ ಕೇಳು ಅಂದ. ಮಣಲೆರ ಕೇಳಿದ್ದು ಒಂದು ನಾಯಿಯನ್ನು. ಅದರ ಹೆಸರು ಕಾಳಿ. ಆಮೇಲೆ ಕಾಳಿ ಬೇಟೆಯಲ್ಲಿ ದೊಡ್ಡ ಹಂದಿಯ ಜೊತೆ ಸೆಣಸಿ ಅದನ್ನು ಕೊಂದು ತಾನೂ ಸತ್ತಿತು. ಅದಕ್ಕೆ ಕಲ್ಲು ನಿಲ್ಲಿಸಿದರು, ಭೂಮಿ ಬಿಟ್ಟರು, ಆ ಕಲ್ಲಿಗೆ ಪೂಜೆ ಮಾಡದೆ ಗೊರವ, ಅಂದರೆ ಶಿವನ ಪೂಜಾರಿ, ಉಣ್ಣಬಾರದು ಅಂತ ಬರೆಸಿದರು. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಎದುರುಬದುರಾಗಿ ಇವೆ. ಆ ಕಲ್ಲಿನ ಮುಂದೆ ನಾನು ಬಹಳ ಹೊತ್ತು ನಿಂತಿದ್ದೇನೆ. ಸಾವಿರ ವರ್ಷದ ಹಿಂದಿನ ಕನ್ನಡದಲ್ಲಿ ಒಂದು ನಾಯಿಗೆ ಹೆಸರಿದೆ. ಅದು ಮಾಡಿದ ಕೆಲಸ ಇದೆ.

ಆ ಶಾಸನದ ಗೊರವ ಅನ್ನುವ ಪದ ನಮ್ಮ ಜಿಲ್ಲೆಯಲ್ಲಿ ಇನ್ನೂ ಬದುಕಿದೆ. ಬೀರೂರಿನ ಮೈಲಾರಲಿಂಗನ ಕಾರ್ಣಿಕಕ್ಕೆ ಹೋದವರು ಗೊರವಯ್ಯರನ್ನು ನೋಡಿರುತ್ತಾರೆ. ಕರಿ ಕಂಬಳಿ, ಕೈಯಲ್ಲಿ ಡಮರುಗ. ಮೈಲಾರನ ಸಂಪ್ರದಾಯದಲ್ಲಿ ಗೊರವರು ದೇವರ ನಾಯಿಗಳು. ದೋಣಿ ಸೇವೆಯಲ್ಲಿ ಹಾಲು, ಬಾಳೆಹಣ್ಣು ತುಂಬಿದ ದೋಣಿ ಅನ್ನುವ ಪಾತ್ರೆಯ ಸುತ್ತ ನಾಯಿಯ ಹಾಗೆ ಬೊಗಳುತ್ತಾ ಬಾಯಿ ಹಾಕಿ ಉಣ್ಣುತ್ತಾರೆ. ಅದನ್ನು ನೋಡಿ ಜನ ಕೈ ಮುಗಿಯುತ್ತಾರೆ. ಮೂಡಿಗೆರೆ ಕಡೆ ದೇವರಮನೆಯಲ್ಲಿ ಕಾಲಭೈರವ ಇದ್ದಾನೆ, ಅವನ ವಾಹನವೂ ನಾಯಿ. ನಮ್ಮ ಹಳಬರಿಗೆ ನಾಯಿ ಅಂದರೆ ಬರೀ ಪ್ರೀತಿ ಅಂತ ನಾನು ಹೇಳುತ್ತಿಲ್ಲ. ನಾಯಿಪಾಡು, ನಾಯಿಬಾಳು, ನಾಯಿಬುದ್ಧಿ ಎಲ್ಲ ನಮ್ಮವೇ ಮಾತುಗಳು. ಕಾಡಿನಲ್ಲಿ ತಿನ್ನಲಾಗದ ಅಣಬೆಗೆ ನಾಯಿಕೊಡೆ ಅಂದವರೂ ನಾವೇ. ಆದರೆ ಅವೆಲ್ಲ ನಾಯಿಯನ್ನು ದಿನಾ ಕಂಡು ಹುಟ್ಟಿದ ಮಾತುಗಳು. ಕಂತ್ರಿ ಬೇರೆಯವರ ಕಣ್ಣಿನಿಂದ ನೋಡಿ ಹುಟ್ಟಿದ್ದು, ನಾವು ಆ ಕಣ್ಣನ್ನು ಇಟ್ಟುಕೊಂಡುಬಿಟ್ಟೆವು. ನನ್ನ ತಕರಾರು ಇಷ್ಟೇ.

ಇಷ್ಟೆಲ್ಲ ತಕರಾರು ಇಟ್ಟುಕೊಂಡು ಅಮ್ಮನ ಮುಂದೆ ಮಾತ್ರ ನನಗೆ ಬಾಯಿ ಬರುವುದಿಲ್ಲ. ಅಮ್ಮನಿಗೆ ಎಪ್ಪತ್ತೆಂಟು. ಚುಕ್ಕಿಯನ್ನು ಕಂತ್ರಿ ಅಂತಲೇ ಕರೆಯುವುದು. 'ಎಲ್ಲಿ ಹೋದ್ಯೇ ಕಂತ್ರಿ, ಬಾ ಅನ್ನ ತಿನ್ನು.' ಬಿಸಿ ಅನ್ನಕ್ಕೆ ಮಜ್ಜಿಗೆ ಹಾಕಿ, ಬೆರಳಿನಲ್ಲಿ ಬಿಸಿ ನೋಡಿ, ಆಮೇಲೆ ತಟ್ಟೆ ಇಡುತ್ತಾರೆ. ಮಂಡಿ ನೋವು, ಬಗ್ಗಲು ಕಷ್ಟ, ಆದರೂ ಆ ತಟ್ಟೆಯನ್ನು ಬೇರೆ ಯಾರ ಕೈಗೂ ಕೊಡುವುದಿಲ್ಲ. ಹೋದ ಮಳೆಗಾಲದಲ್ಲಿ ಚುಕ್ಕಿಗೆ ಜ್ವರ ಬಂದಾಗ ಎರಡು ರಾತ್ರಿ ಪಡಸಾಲೆಯಲ್ಲೇ ಹಾಸಿಗೆ ಹಾಸಿಕೊಂಡರು. ಕತ್ತಲಲ್ಲಿ ಅವರು ಅದರ ಬೆನ್ನು ಸವರುತ್ತಾ 'ಏನಾಯ್ತೇ ನನ್ ಕಂತ್ರಿ' ಅನ್ನುತ್ತಿದ್ದದ್ದು ನನ್ನ ಕೋಣೆಗೆ ಕೇಳಿಸುತ್ತಿತ್ತು. ಆ ಪದಕ್ಕೆ ಆ ಕತ್ತಲಲ್ಲಿ ಯಾವ ಅರ್ಥ ಇತ್ತು ಅಂತ ನಾನು ಯಾವ ನಿಘಂಟಿನಲ್ಲಿ ಹುಡುಕಲಿ? ಅಮ್ಮನಿಗೆ ನಾನು ಇದುವರೆಗೆ ಏನೂ ಹೇಳಿಲ್ಲ. ಹೇಳುವುದೂ ಇಲ್ಲ.

ಈ ವರ್ಷ ಸೆಪ್ಟೆಂಬರಿನಲ್ಲಿ ಮತ್ತೆ ಹೋದೆವು. ಅದೇ ಜಾಗ, ಮಳೆ ಇರಲಿಲ್ಲ. ಹಳೆಯ ಕಾರ್ಡು ನೆನೆದು ಹರಿದಿತ್ತು, ಹೊಸದು ಬರೆಸಬೇಕಾಯಿತು. ಈ ಸಲ ಬರೆಯುತ್ತಿದ್ದವಳು ಒಬ್ಬ ಹುಡುಗಿ. ಹೆಸರು, ಬಣ್ಣ, ವಯಸ್ಸು ಬರೆದುಕೊಂಡಳು. ತಳಿ ಅನ್ನುವಲ್ಲಿ ಪೆನ್ನು ನಿಲ್ಲಿಸಿ ತಲೆ ಎತ್ತಿದಳು.

'ನಾಟಿ ಅಂತ ಬರಿಯಮ್ಮ' ಅಂದೆ.

'ನಾಟಿ ನಾಯೀನಾ ಸಾರ್?' ಅಂದಳು. ಚುಕ್ಕಿಯನ್ನು ನೋಡಿದಳು. ಚುಕ್ಕಿ ಮೇಜಿನ ಕಾಲು ಮೂಸುತ್ತಿದ್ದಳು, ಬಾಲ ಎಡಕ್ಕೆ ಬಿದ್ದಿತ್ತು. 'ಸರಿ' ಅಂದು ಬರೆದಳು.

ನಮ್ಮ ಹಿಂದೆ ಒಬ್ಬರು ವಯಸ್ಸಾದವರು ನಿಂತಿದ್ದರು. ತೋಟದ ಕಡೆಯವರಿರಬೇಕು, ಕಾಲಿಗೆ ಗಮ್ ಬೂಟು ಇತ್ತು. ಹಗ್ಗದ ತುದಿಯಲ್ಲಿ ಕಪ್ಪು ನಾಯಿ, ಎದೆ ಮಾತ್ರ ಬೆಳ್ಳಗೆ. ಅವರು ನಮ್ಮ ಮಾತು ಕೇಳಿಸಿಕೊಂಡಿದ್ದರು. ಸರದಿ ಬಂದಾಗ ಹುಡುಗಿ ಕೇಳುವ ಮೊದಲೇ ಹೇಳಿದರು.

'ನಮ್ದೂ ನಾಟೀನೇ ಕಣಮ್ಮ. ಹಂಗೇ ಬರ್ಕೋ.'